ಜಾಥಾದ ಕೊನೆಯ ಸಾಲಿನಲ್ಲಿ ಅತ್ತೆ ಸೊಸೆ

ಅಕ್ಟೋಬರ್ ಬಂತೆಂದರೆ ನನಗೆ ಮೈ ಉರಿಯತೊಡಗುತ್ತದೆ. ಹಾವೇರಿಯ ಒಂದು ಮಹಿಳಾ ನೆರವು ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ. ಮನೆ ರಾಣೆಬೆನ್ನೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬಸ್ಸು ಹಿಡಿದು ಬರುತ್ತೇನೆ. ಮನೆಯಲ್ಲಿ ಹೊಡೆತ ತಿಂದವರು, ಮಾತಿಗೆ ಮಾತಿಗೆ ಅವಮಾನ ಉಂಡವರು, ಯಾರಿಗೂ ಹೇಳಲಾಗದೆ ಒಳಗೇ ಕುಸಿದವರು ಬಂದು ಕೂತು ಮಾತಾಡುವ ಜಾಗ ನಮ್ಮದು. ವರ್ಷದ ಹತ್ತು ತಿಂಗಳು ಆ ಕೆಲಸ ಮಾಡುತ್ತೇವೆ. ಉಳಿದ ಎರಡು ತಿಂಗಳು ಆ ಕೆಲಸದ ಬಗ್ಗೆ ಜಾಗೃತಿ ಮೂಡಿಸುತ್ತೇವೆ. ಅಕ್ಟೋಬರ್‌ನಲ್ಲಿ ಮಾನಸಿಕ ಆರೋಗ್ಯದ್ದು, ನವೆಂಬರ್ ಕೊನೆಗೆ ಮಹಿಳಾ ದೌರ್ಜನ್ಯ ವಿರೋಧದ್ದು.

ಆ ವರ್ಷದ ಜಾಥಾಕ್ಕೆ ಎಲ್ಲ ಸಿಬ್ಬಂದಿಯೂ ಕಡ್ಡಾಯವಾಗಿ ಬರಬೇಕೆಂದು ಆದೇಶವಾಗಿತ್ತು. ನಾವಿದ್ದದ್ದೇ ಮೂವರು. ಒಬ್ಬರನ್ನಾದರೂ ಕೇಂದ್ರದಲ್ಲಿ ಬಿಡೋಣ ಎಂದು ನಾನು ನಮ್ಮ ಮೇಲಧಿಕಾರಿಯನ್ನು ಕೇಳಿದೆ. ಅವರು ಕೆಟ್ಟವರಲ್ಲ. ಆದರೆ ಅವರಿಗೂ ಮೇಲಿನವರಿದ್ದರು, ಮೇಲಿನವರಿಗೆ ಜಾಥಾದಲ್ಲಿ ತಲೆಗಳು ಕಾಣಬೇಕಿತ್ತು.

"ಒಂದ್ ಮುಂಜಾನಿ ಬಾಗಲಾ ಹಾಕಿದ್ರ ಏನೂ ಆಗೂದಿಲ್ರಿ. ಅಷ್ಟರಾಗ ಯಾರ್ ಬರ್ತಾರ?" ಎಂದರು.

ಬಾಗಿಲಿಗೆ ಕೀಲಿ ಹಾಕಿ ಹೋದೆವು. ಪಕ್ಕದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡ ಹೆಣ್ಣುಮಗಳಿಗೆ, ಯಾರಾದರೂ ಬಂದರೆ ಕೂಡ್ರಿಸಿ ನನಗೆ ಫೋನ್ ಮಾಡು ಎಂದು ಹೇಳಿದ್ದೆ. ಮಾಡಿದಳಂತೆ ಕೂಡ. ಡೊಳ್ಳು, ಘೋಷಣೆ, ಆಟೋದ ಮೇಲಿನ ಮೈಕು, ಇವುಗಳ ನಡುವೆ ನನ್ನ ಫೋನು ನನಗೇ ಕೇಳಿಸಲಿಲ್ಲ.

ಜಾಥಾ ಬಸ್ ನಿಲ್ದಾಣದ ಕಡೆಯಿಂದ ಸಭಾಭವನದತ್ತ ಹೊರಟಿತ್ತು. ಮುಂದೆ ಬ್ಯಾನರು, ಅದರ ಹಿಂದೆ ಅಧಿಕಾರಿಗಳು, ಆಮೇಲೆ ನರ್ಸಿಂಗ್ ವಿದ್ಯಾರ್ಥಿನಿಯರು, ಅಂಗನವಾಡಿಯವರು, ಕಾಲೇಜು ಹುಡುಗರು. ಸಾಲು ಕೆಡುತ್ತಿದೆ, ಹಿಂದೆ ಹೋಗಿ ಸರಿ ಮಾಡಿ ಎಂದು ನನ್ನನ್ನು ಅಟ್ಟಿದರು. ಆಪ್ತಸಮಾಲೋಚನೆಯ ತರಬೇತಿ ಪಡೆದ ನಾನು ಬಿಸಿಲಲ್ಲಿ ಹುಡುಗರಿಗೆ ಇಬ್ಬಿಬ್ಬರಾಗಿ ನಡೆಯಿರಿ ಎಂದು ಕೂಗುತ್ತ ಹಿಂದಕ್ಕೆ ಹೋದೆ.

ಕೊನೆಯ ಸಾಲಿನಲ್ಲಿ ಇಬ್ಬರು ಹೆಂಗಸರು ನಡೆಯುತ್ತಿದ್ದರು. ಒಬ್ಬರಿಗೆ ಅರವತ್ತೈದರ ಮೇಲಿರಬೇಕು. ಇಳಕಲ್ ಸೀರೆ, ತಲೆ ತುಂಬ ಸೆರಗು, ಕೈಯಲ್ಲಿ 'ಮೌನ ಮುರಿಯೋಣ' ಎಂದು ಬರೆದ ಫಲಕ. ಫಲಕವನ್ನು ಅವರು ಬಿಸಿಲಿಗೆ ಅಡ್ಡವಾಗಿ ಹಿಡಿದಿದ್ದರು. ಇನ್ನೊಬ್ಬಳು ಮೂವತ್ತರ ಆಸುಪಾಸಿನವಳು. ಕಣ್ಣ ಕೆಳಗೆ ಕಪ್ಪು. ತನ್ನ ಕಾಲುಗಳನ್ನೇ ನೋಡಿಕೊಂಡು ನಡೆಯುತ್ತಿದ್ದಳು. ಹಿರಿಯಾಕೆ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಬಾಯಾರ, ಹೆಣ್ಣಮಕ್ಕಳ ನೆರವಿನ ಆಫೀಸಿನವರು ಇದರಾಗ ಯಾರದಾರ್ರಿ?"

"ನಾನ ಅದೇನ್ರಿ."

"ನಿಮ್ಮ ಆಫೀಸಿಗೆ ಹೋಗಿದ್ವಿ. ಕೀಲಿ ಹಾಕಿತ್ತು. ಬಾಜೂಕಿನ ಅಂಗಡ್ಯಾಕಿ, ಎಲ್ಲಾರೂ ಜಾಥಾಕ್ಕ ಹೋಗ್ಯಾರ ಅಂದ್ಲು. ಅದಕ್ಕ ನಿಮ್ಮನ್ನ ಹುಡುಕ್ಕೋತ ಇದರಾಗ ಸೇರ್ಕೊಂಡ್ವಿ. ಯಾರೋ ಇದನ್ನ ಕೈಯಾಗ ಕೊಟ್ರು." ಫಲಕ ತೋರಿಸಿದರು. ಆಮೇಲೆ ದನಿ ತಗ್ಗಿಸದೆ, ಅಂಗಡಿಯಲ್ಲಿ ಸಾಮಾನು ಕೇಳುವಷ್ಟೇ ಸಹಜವಾಗಿ ಹೇಳಿದರು: "ಇಕಿ ನನ್ನ ಸೊಸಿ. ನನ್ನ ಮಗ ಇಕಿನ್ನ ಹೊಡಿತಾನ್ರಿ. ಈಗ ಇಕಿಗೆ ಹುಚ್ಚು ಹಿಡದೈತಿ ಅಂತ ಡಾಕ್ಟರ ಕಡಿಂದ ಬರಸ್ಕೊಂಡ ಬರಾಕ ಹೊಂಟಾನ."

ಮುಂದಿನಿಂದ ಘೋಷಣೆ ಎದ್ದಿತು. ನಮ್ಮ ಮುಂದಿದ್ದ ಹುಡುಗರೂ ಕೈ ಎತ್ತಿ ಕೂಗಿದರು.

ಅತ್ತೆಯೇ ಸೊಸೆಯ ಕೈ ಹಿಡಿದು ಬಂದದ್ದನ್ನು ನಾನು ಈ ಕೆಲಸದಲ್ಲಿ ಅದೇ ಮೊದಲು ನೋಡಿದ್ದು. ಅವರನ್ನು ಆಗಲೇ ಕರೆದುಕೊಂಡು ಕೇಂದ್ರಕ್ಕೆ ಹೋಗಬೇಕೆಂದರೆ ಕೀಲಿ ನನ್ನ ಹತ್ತಿರ ಇರಲಿಲ್ಲ. ಅದು ಬ್ಯಾನರು ಹಿಡಿದಿದ್ದ ಸಹೋದ್ಯೋಗಿಯ ಪರ್ಸಿನಲ್ಲಿತ್ತು. ಸಭಾಭವನದ ಹಿಂದಿನ ಅಂಗಳಕ್ಕೆ ಕರೆದೊಯ್ದೆ. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಪಲಾವು ಬೇಯುತ್ತಿತ್ತು. ಅಡುಗೆಯವರು ಎರಡು ಕುರ್ಚಿ ಕೊಟ್ಟರು. ಅಲ್ಲಿ ಕೂತು ತುಂಡು ತುಂಡಾಗಿ ಕೇಳಿಸಿಕೊಂಡೆ. ತುಂಡು ತುಂಡಾಗಿ ಯಾಕೆಂದರೆ, ಒಮ್ಮೆ ಏಲಕ್ಕಿ ಹಾರಗಳು ಎಲ್ಲಿವೆ ಎಂದು ಕೇಳಲು ನನ್ನನ್ನು ಕರೆದರು, ಒಮ್ಮೆ ಅತಿಥಿಯೊಬ್ಬರ ಹೆಸರಿನ ಹಿಂದೆ ಡಾಕ್ಟರ್ ಸೇರಿಸಬೇಕೋ ಬೇಡವೋ ಎಂದು.

ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆತನ. ಅತ್ತೆಯ ಗಂಡ ತೀರಿಕೊಂಡ ಮೇಲೆ ಅಂಗಡಿ ಮಗನ ಕೈಗೆ ಬಂದಿತ್ತು, ಮನೆ ತಾಯಿಯ ಹೆಸರಿನಲ್ಲೇ ಇತ್ತು. ಮಗ ಊರಿಗೆ ಬೇಕಾದವನು, ಯಾರ ಜೊತೆಗೂ ಗಟ್ಟಿಯಾಗಿ ಮಾತಾಡಿದವನಲ್ಲ. ಸೊಸೆ ಬಿ.ಕಾಂ. ಮುಗಿಸಿದ್ದಳು. ಮದುವೆಯಾದ ಹೊಸದರಲ್ಲಿ ಅಂಗಡಿಯ ಲೆಕ್ಕವನ್ನೂ ನೋಡುತ್ತಿದ್ದಳಂತೆ. ಆಮೇಲೆ ಅವನು ಅದನ್ನು ಬಿಡಿಸಿದ. ಹೊಡೆಯುವುದು ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ಸದ್ದಾಗದಂತೆ. ನಿದ್ದೆ ಹೋಗಿ, ಊಟ ಹೋಗಿ, ಅವಳು ಮಾತಾಡುವುದನ್ನೇ ಬಿಟ್ಟಾಗ ಅವನು ನಾಲ್ಕು ಜನರ ಮುಂದೆ ಅವಳ ತಲೆ ಸರಿಯಿಲ್ಲ ಎನ್ನತೊಡಗಿದ. ಹುಬ್ಬಳ್ಳಿಯ ಒಬ್ಬ ಡಾಕ್ಟರ ಬಳಿಗೂ ಕರೆದೊಯ್ದಿದ್ದ. ಅವರು ಅವಳೊಬ್ಬಳನ್ನೇ ಕೂಡ್ರಿಸಿ ಮಾತಾಡಬೇಕು, ನೀವು ಹೊರಗಿರಿ ಎಂದದ್ದಕ್ಕೆ ಎಬ್ಬಿಸಿಕೊಂಡು ವಾಪಸು ಬಂದಿದ್ದ.

"ನಾನೂ ಮೊದಲ ನಂಬಿದ್ದೆ ಬಾಯಾರ," ಎಂದರು ಅತ್ತೆ. "ಹಾಲು ಉಕ್ಕಿಸ್ತಿದ್ಲು, ಇಟ್ಟಿದ್ದು ಮರೀತಿದ್ಲು. ಒಂದಿನ ಮಧ್ಯಾಹ್ನ ನಾ ದೇವರ ಮನ್ಯಾಗ ಬತ್ತಿ ಹೊಸಕೋತ ಕುಂತಿದ್ದೆ. ಅಂವಗ ನಾ ಕಾಣ್ಸಲಿಲ್ಲ. ಟ್ರೆಜರಿ ಕಪಾಟಿನ ಕೀಲಿ ಗ್ವಾಡಿ ಮೊಳಿಯಿಂದ ತಗೊಂಡು ತಾನ ಕಿಸೆದಾಗ ಹಾಕ್ಕೊಂಡ. ಸಂಜಿಕೆ ನಮ್ಮ ಬೀಗರು ಬಂದಿದ್ರು. ಅವರ ಮುಂದ, ಕೀಲಿ ಎಲ್ಲಿ ಕಳದಿ ಅಂತ ಇಕಿನ್ನ ಬೈದ. ಇಕಿ ಪಾಪ, ಮನಿ ಎಲ್ಲಾ ಹುಡಕಿದ್ಲು."

ಸೊಸೆಯ ಮಾತನ್ನೂ ಕೇಳೋಣವೆಂದು ನಾನು ಅವಳತ್ತ ತಿರುಗಿದೆ. ಅಷ್ಟರಲ್ಲಿ ಒಳಗೆ ಬೀದಿನಾಟಕ ಶುರುವಾಗಿ ಸಭಾಭವನದ ತುಂಬ ನಗು ಎದ್ದಿತು. ಲುಂಗಿ ಉಟ್ಟ, ಕುಡಿದು ತೂರಾಡುವ ಗಂಡ ಹೆಂಡತಿಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ. ಪ್ರತಿ ವರ್ಷವೂ ಅದೇ. ಅತ್ತೆ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದರು.

"ನನ್ನ ಮಗ ಕುಡಿಯಂಗಿಲ್ರಿ," ಎಂದರು.

ಕಣ್ಣಿನ ದವಾಖಾನೆಗೆ ಹೋಗುತ್ತೇವೆಂದು ಸುಳ್ಳು ಹೇಳಿ ಬಂದಿದ್ದರು, ಅವನು ಮಾರ್ಕೆಟ್ಟಿನಿಂದ ಬರುವುದರೊಳಗೆ ಮನೆ ಸೇರಬೇಕಿತ್ತು. ಎರಡು ದಿನ ಬಿಟ್ಟು ಮತ್ತೆ ಬನ್ನಿ, ಡಾಕ್ಟರನ್ನೂ ಕೌಟುಂಬಿಕ ದೌರ್ಜನ್ಯದ ದೂರು ನೋಡುವ ರಕ್ಷಣಾಧಿಕಾರಿಯನ್ನೂ ಕಾಣಿಸುತ್ತೇನೆ ಎಂದೆ. ಚೀಟಿಯಲ್ಲಿ ನಂಬರು ಬರೆದುಕೊಡಲು ಹೋದರೆ ಅತ್ತೆ ಬೇಡವೆಂದರು. ಅವನು ಚೀಲ ನೋಡುತ್ತಾನೆ, ಫೋನೂ ನೋಡುತ್ತಾನೆ. ಆಗ ಸೊಸೆ ಮೊದಲ ಸಲ ಮಾತಾಡಿದಳು. "ಹೇಳ್ರಿ, ನೆನಪ ಇಟ್ಕೋತೇನಿ." ನಾನು ಹೇಳಿದೆ. ಅವಳು ಒಂದು ಸಲ ತಿರುಗಿ ಒಪ್ಪಿಸಿದಳು, ಒಂದಂಕಿಯೂ ತಪ್ಪಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ವಂದನಾರ್ಪಣೆಗೆ ನನ್ನನ್ನು ಕರೆದರು. ಸ್ವಾಗತಿಸಿದವರಿಗೆ, ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ಎಲ್ಲರಿಗೂ ವಂದನೆ ಹೇಳಿ ಹೊರಗೆ ಬರುವಷ್ಟರಲ್ಲಿ ಅವರಿಬ್ಬರೂ ಹೋಗಿದ್ದರು.

ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಜಾಥಾದ ಚಿತ್ರ ಬಂತು. ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಖುಷಿ. ಬ್ಯಾನರಿನ ಚಿತ್ರ ಹಾಕಿರಲಿಲ್ಲ, ಅಧಿಕಾರಿಗಳದ್ದೂ ಅಲ್ಲ. ಛಾಯಾಗ್ರಾಹಕನ ಕಣ್ಣಿಗೆ ಚೆನ್ನಾಗಿ ಕಂಡದ್ದು ಸೆರಗು ಹೊದ್ದ ಹಿರಿಯಾಕೆ, ಕೈಯಲ್ಲಿನ ಫಲಕ, ಪಕ್ಕದಲ್ಲಿ ತಲೆ ತಗ್ಗಿಸಿದ ಸೊಸೆ. ವೃದ್ಧೆಯರೂ ಹುರುಪಿನಿಂದ ಭಾಗವಹಿಸಿದರು ಎಂದು ಕೆಳಗೆ ಬರೆದಿತ್ತು. ಮೇಲಧಿಕಾರಿ ಅದನ್ನು ನನ್ನ ಮೇಜಿನ ಮೇಲೆ ಹರಡಿ, "ನೋಡ್ರಿ, ಎಷ್ಟ್ ಚಲೋ ಬಂದೈತಿ," ಎಂದರು. ಇದು ಯಾರ ಚಿತ್ರ, ಅವರು ಯಾಕೆ ಬಂದಿದ್ದರು ಎಂದು ಹೇಳಿದೆ. ಅವರ ಮುಖ ಸಣ್ಣಗಾಯಿತು. ಆದರೂ ಅವರು ಹೇಳಿದ್ದು, "ಅಂವ ಪೇಪರ್ ನೋಡಿರಲಿಕ್ಕಿಲ್ಲ ಬಿಡ್ರಿ."

ಮಾರ್ಕೆಟ್ಟಿನ ಅಂಗಡಿಗಳಲ್ಲಿ ಬೆಳಗಿನ ಮೊದಲ ಕೆಲಸವೇ ಪೇಪರು ಓದುವುದು.

ಎರಡು ದಿನ ಕಳೆಯಿತು, ಅವರು ಬರಲಿಲ್ಲ. ಅವರ ನಂಬರು ನನ್ನ ಬಳಿ ಇರಲಿಲ್ಲ, ಮನೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾನಾಗಿ ಹೋಗಿ ಬಾಗಿಲು ತಟ್ಟಿದರೆ ಅದರಿಂದಲೇ ಅವಳಿಗೆ ಇನ್ನಷ್ಟು ಏಟು ಬೀಳಬಹುದಿತ್ತು. ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ನನ್ನ ಗಂಡ ಏನಾಯಿತೆಂದು ಕೇಳಿದರೆ, ಏನಿಲ್ಲ, ಜಾಗೃತಿ ಮೂಡಿಸಿ ಬಂದೇನಿ ಎಂದೆ.

ಆಮೇಲೊಂದು ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಬಾಯಾರ, ನಾ ಜಾಥಾದಾಗ ಬಂದಿದ್ದ ಮುದಿಕಿ."

ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳ ಫೋನಿನಿಂದ ಮಾತಾಡುತ್ತಿದ್ದರು. ಎದುರು ಅಂಗಡಿಯವನೊಬ್ಬ ನಿಮ್ಮ ಅವ್ವನವರ ಫೋಟೋ ಬಂದಿದೆಯಲ್ಲ ಎಂದು ಮಗನಿಗೆ ಪೇಪರು ತೋರಿಸಿದ್ದ. ಅವನು ಅಲ್ಲಿ ನಕ್ಕು, ಮನೆಗೆ ಬಂದು ಇಬ್ಬರ ಫೋನನ್ನೂ ಕಸಿದುಕೊಂಡಿದ್ದ. ಅಂದಿನಿಂದ ಅಂಗಡಿಗೆ ಹೋಗುವಾಗ ಸೊಸೆಯನ್ನು ಕೋಣೆಯಲ್ಲಿ ಹಾಕಿ ಹೊರಗಿನಿಂದ ಕೀಲಿ ಜಡಿದು ಹೋಗುತ್ತಿದ್ದ. ಬಂದವರಿಗೆಲ್ಲ, ಅವಳು ಮೈಮೇಲೆ ದೆವ್ವ ಬಂದವರ ಹಾಗೆ ಕೂಗಾಡುತ್ತಾಳೆ, ಅದಕ್ಕೇ ಹೀಗೆ ಎಂದು ಹೇಳುತ್ತಿದ್ದ.

"ನಂಬರ್ ಹ್ಯಾಂಗ ಸಿಕ್ಕಿತ್ರಿ?" ಎಂದೆ.

"ಬಾಗಲದ ಒಳಗಿಂದ ಅಕಿನ ಹೇಳಿದ್ಲು. ಬಾಜೂ ಮನ್ಯಾಕಿ ಫೋನಿನ್ಯಾಗ ಒತ್ತಿದ್ಲು."

ಮನೆಯ ಗುರುತು ಕೇಳಿಕೊಂಡು, ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಯ ಕಡೆ ಹೋಗುವ ವಾಹನ ಹತ್ತಿದೆ. ದಾರಿಯಲ್ಲೇ ರಕ್ಷಣಾಧಿಕಾರಿಗೆ ಫೋನ್ ಮಾಡಿದೆ. ಅವರು ನವೆಂಬರ್ ಕಾರ್ಯಕ್ರಮದ ಪೂರ್ವಭಾವಿ ಸಭೆಯಲ್ಲಿದ್ದರು. ಊಟದ ಮೇಲೆ ಬರುವುದಾಗಿ ಹೇಳಿದರು. ನಾನು ಕಾಯಲಿಲ್ಲ. ಠಾಣೆಗೆ ಹೋಗಿ ಕೂತೆ. ಗಂಡ ಹೆಂಡಿರ ಜಗಳ, ನೀವ್ಯಾಕ ನಡುವ ಬರ್ತೀರಿ ಎಂದರು. ಇದು ಜಗಳವಲ್ಲ, ಒಬ್ಬ ಹೆಣ್ಣುಮಗಳನ್ನು ಕೂಡಿಹಾಕಿದ್ದಾರೆ ಎಂದು ಎರಡು ಸಲ ಹೇಳಿದೆ, ಮೂರನೆಯ ಸಲ ನನ್ನ ದನಿ ಏರಿತು. ಕೊನೆಗೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಎದ್ದು, "ನಾ ಬರ್ತೇನಿ ನಡೀರಿ," ಎಂದರು.

ಮನೆ ಮಾರ್ಕೆಟ್ಟಿನಿಂದ ದೂರವಿರಲಿಲ್ಲ. ಓಣಿಯ ತುಂಬ ಮೆಣಸಿನ ಘಾಟು, ಕಾನ್‌ಸ್ಟೇಬಲ್ ಕೆಮ್ಮುತ್ತಲೇ ಬಂದರು. ಯಾರೋ ತಿಳಿಸಿದ್ದರಿಂದ ಮಗ ಆಗಲೇ ಮನೆಗೆ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ದನಿ. "ಬರ್ರಿ, ಕುಂದ್ರಿ, ಚಾ ತಗೋರಿ," ಎಂದ. ಹೆಂಡತಿಯ ಬಗ್ಗೆ ಕೇಳಿದರೆ ನಿಟ್ಟುಸಿರು ಬಿಟ್ಟ. "ಅಕಿ ತಲಿ ಸರಿ ಇಲ್ರಿ. ನಾನೂ ಎಷ್ಟಂತ ಸಹಿಸ್ಲಿ? ಏನರ ಮಾಡ್ಕೊಂಡಾಳು ಅಂತ ಹೆದರಿಕಿ. ಅದಕ್ಕ ಕೀಲಿ."

ಅವನು ಎಷ್ಟು ಚೆನ್ನಾಗಿ ಮಾತಾಡಿದನೆಂದರೆ ಕಾನ್‌ಸ್ಟೇಬಲ್ ನನ್ನ ಮುಖ ನೋಡಿದರು. ಆಗ ಒಳಗಿನಿಂದ ತಾಯಿ ಬಂದು ಅವನ ಎದುರು ಕೈ ಚಾಚಿದರು.

"ಕೀಲಿ ತಾ."

"ಅವ್ವಾ, ನೀ ಒಳಗ ಹೋಗು."

"ಮನಿ ನಂದೈತಿ. ಕೀಲಿ ತಾ."

ಅವನು ಕೊಡಲಿಲ್ಲ. ತಾಯಿ ಕೈಯನ್ನು ಕೆಳಗಿಳಿಸಲೂ ಇಲ್ಲ. ಕಾನ್‌ಸ್ಟೇಬಲ್ ಎದ್ದು ಅವರ ಪಕ್ಕದಲ್ಲಿ ನಿಂತರು. ಆಮೇಲೆ ಅವನು ಕಿಸೆಗೆ ಕೈ ಹಾಕಿದ.

ಕೋಣೆಯ ಬಾಗಿಲು ತೆರೆದಾಗ ಸೊಸೆ ಕೂಗಾಡಲಿಲ್ಲ. ಮಂಚದ ಮೇಲೆ ಕೂತಿದ್ದಳು. ಎದ್ದು ಬಂದು ಮೊದಲು ಕೇಳಿದ್ದು ನೀರು.

ಕಾನೂನು ನನಗೆ ಗೊತ್ತು. ಅವರಿಬ್ಬರೂ ಅದೇ ಮನೆಯಲ್ಲಿರಬಹುದು, ಅವನೇ ಹೊರಗೆ ಹೋಗಬೇಕೆಂದು ನ್ಯಾಯಾಲಯದಿಂದ ಆದೇಶ ತರಬಹುದು. ಅದನ್ನು ಅತ್ತೆಗೆ ಬಿಡಿಸಿ ಹೇಳಿದೆ. ಅವರು ಎರಡು ಚೀಲ ತುಂಬುತ್ತಲೇ ಕೇಳಿಸಿಕೊಂಡರು. "ಅಂವ ಇಲ್ಲೇ ಇರ್ಲಿ. ಅಂಗಡಿ ಇಲ್ಲೇ ಐತಿ. ನಾವು ಹೋಗ್ತೇವಿ," ಎಂದರು. ತಪ್ಪು ಮಾಡಿದವನು ಮನೆಯಲ್ಲಿ, ಹೊಡೆತ ತಿಂದವಳು ಮತ್ತು ಮನೆಯೊಡತಿ ಬೀದಿಯಲ್ಲಿ. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಹೋಗುತ್ತಿದ್ದವರು ಅವರು, ನಾನಲ್ಲ. ತುಂಗಭದ್ರೆಯ ದಂಡೆಯ ಐರಣಿ ಅತ್ತೆಯ ತವರು. ಅಲ್ಲಿ ತಮ್ಮನ ಮನೆಯಿತ್ತು. ಸಂಜೆ ಅವರನ್ನು ಅಲ್ಲಿಗೆ ಮುಟ್ಟಿಸಿದೆವು. ಊಟದ ಮೇಲೆ ಬರಬೇಕಿದ್ದ ರಕ್ಷಣಾಧಿಕಾರಿ ಮೂರು ದಿನದ ನಂತರ ಐರಣಿಗೇ ಬಂದು ಹೇಳಿಕೆ ಬರೆದುಕೊಂಡರು.

ಮುಂದಿನ ವಾರ ಹಾವೇರಿಯಲ್ಲಿ ಮನೋವೈದ್ಯರ ಬಳಿ ಕರೆದೊಯ್ದೆ. ಅವರು ಸೊಸೆಯೊಬ್ಬಳನ್ನೇ ಕೂಡ್ರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಖಿನ್ನತೆ ಇದೆ, ಗುಣವಾಗುತ್ತದೆ, ನಿದ್ದೆ ಬರಬೇಕು, ಹೆದರಿಕೆ ಇಲ್ಲದ ಜಾಗದಲ್ಲಿರಬೇಕು ಎಂದರು. ಮಾತ್ರೆ ಬರೆದರು. ಹೊರಗೆ ಬಂದು ಬೇವಿನ ಮರದ ಕೆಳಗೆ ಚಹಾ ಕುಡಿಯುವಾಗ ಅವಳು ನನಗೆ ಹೇಳಿದಳು:

"ಹೊಡದದ್ದು ಮಾಯತೈತ್ರಿ ಅಕ್ಕಾರ. ಆದ್ರ ದಿನಾ ಹುಚ್ಚಿ ಹುಚ್ಚಿ ಅಂದ್ರ, ನಾನೂ ಹೌದೇನೋ ಅನ್ಕೊಂಡೆ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಎದ್ದೆದ್ದು ನೋಡ್ತಿದ್ದೆ. ಅತ್ತಿ ಒಂದಿನ ಬಂದು, ಕೀಲಿ ನೀ ಕಳದಿಲ್ಲವಾ, ಅಂವ ತಗೊಂಡಿದ್ದು ನಾ ನೋಡೇನಿ ಅಂದ್ರು. ಅವತ್ತ ನಾ ಎಷ್ಟ್ ಅತ್ತೇನಿ ಗೊತ್ತೇನ್ರಿ."

ಅವಳು ಅಷ್ಟು ಮಾತಾಡಿದ್ದನ್ನು ಕೇಳಿ ಅತ್ತೆ ಬೇರೆ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಹೆಣ್ಣಿನ ತಲೆ ಸರಿಯಿದೆ ಎಂದು ಅವಳಿಗೇ ತಿಳಿಸಿದ್ದು ಆ ಒಂದು ಮಾತು. ನಾವು ಅಕ್ಟೋಬರ್ ಪೂರ್ತಿ ಮೈಕಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದದ್ದು ಅಷ್ಟಕ್ಕಷ್ಟೇ.

ಮಾತ್ರೆ ಹತ್ತಿತು. ಹದಿನೈದು ದಿನಕ್ಕೆ ಅವಳು ಇಡೀ ರಾತ್ರಿ ಮಲಗತೊಡಗಿದಳು ಎಂದು ಅತ್ತೆ ಫೋನ್ ಮಾಡಿ ಹೇಳಿದರು. ನನಗೆ ಖುಷಿಯಾಗಿತ್ತು. ಅದೇ ಖುಷಿಯಲ್ಲಿ ಕಚೇರಿಯಲ್ಲಿ ಬಾಯಿ ಬಿಟ್ಟೆ. ಮೇಲಧಿಕಾರಿಗೆ ಆಗ ನವೆಂಬರಿನ ಚಿಂತೆ. ರಾಣೆಬೆನ್ನೂರಿನಲ್ಲಿ ದೊಡ್ಡ ಸಭೆ ಇತ್ತು, ವೇದಿಕೆಯ ಮೇಲೆ ಒಂದು ಯಶೋಗಾಥೆ ಬೇಕಿತ್ತು.

"ಅತ್ತಿ ಸೊಸಿ ಇಬ್ಬರನ್ನೂ ಕರಕೊಂಡ ಬರ್ರಿ," ಎಂದರು. "ಇಂಥಾ ಕೇಸ್ ಎಲ್ಲೂ ಸಿಗಂಗಿಲ್ಲ."

"ಒಮ್ಮಿ ಫೋಟೋ ಬಂದದ್ದಕ್ಕ ಏನಾತು ಗೊತ್ತೈತೆಲ್ರಿ ಮೇಡಂ."

"ಈ ಸಲ ಮುಖಕ್ಕ ಸೆರಗ ಹಾಕ್ಕೊಂಡು ಕುಂದರ್ಲಿ. ಹೆಸರು ಹೇಳೂದು ಬ್ಯಾಡ. ಐದು ನಿಮಿಷ ಮಾತಾಡಿದ್ರ ಸಾಕು."

ಮುಖ ಮುಚ್ಚಿಕೊಂಡು ಮೌನ ಮುರಿಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಆದರೂ ನಾನಾಗಿಯೇ ಇಲ್ಲವೆನ್ನುವುದು ಸರಿಯಲ್ಲವೆಂದು ಐರಣಿಗೆ ಫೋನ್ ಮಾಡಿ ಕೇಳಿದೆ. ಸೊಸೆ, "ನಾ ಬರಂಗಿಲ್ರಿ," ಎಂದಳು. ಅತ್ತೆ ಫೋನ್ ಇಸಿದುಕೊಂಡು, "ನಮ್ಮನ್ನ ಎಷ್ಟ್ ಸಲ ಮೆರವಣಿಗಿ ಮಾಡ್ತೀರಿ ಬಾಯಾರ," ಎಂದು ನಕ್ಕರು. ನಕ್ಕದ್ದು ಅವರ ದೊಡ್ಡತನ.

ಬರುವುದಿಲ್ಲವಂತೆ ಎಂದು ಕಚೇರಿಗೆ ತಿಳಿಸಿದೆ. ಸಭೆಯ ದಿನ ನಾನೂ ಹೋಗಲಿಲ್ಲ. ಮನೆಯ ಹತ್ತಿರವೇ ಸಭೆ ಇದ್ದರೂ ಬಸ್ಸು ಹಿಡಿದು ಹಾವೇರಿಗೆ ಹೋಗಿ ಕೇಂದ್ರದ ಬಾಗಿಲು ತೆಗೆದು ಕೂತೆ. ಮಧ್ಯಾಹ್ನ ಹೊಸರಿತ್ತಿಯ ಕಡೆಯಿಂದ ಒಬ್ಬಳು ಬಂದಳು. ಬಹಳ ಹೊತ್ತು ಅತ್ತು, ಮತ್ತೆ ಬರುತ್ತೇನೆಂದು ಹೋದಳು. ಮರುದಿನ ನನಗೆ ಗೈರುಹಾಜರಿಯ ನೋಟಿಸು ಬಂತು. ಕೇಂದ್ರದಲ್ಲಿ ಹಾಜರಿದ್ದೆ ಎಂದು ಉತ್ತರ ಬರೆದೆ. ಅದಕ್ಕೆ ಮರು ಉತ್ತರ ಬರಲಿಲ್ಲ. ಆದರೆ ಮುಂದಿನ ಕಾರ್ಯಕ್ರಮದಿಂದ ಒಬ್ಬರು ಕೇಂದ್ರದಲ್ಲೇ ಉಳಿಯಲಿ ಎಂದು ಮೇಲಧಿಕಾರಿ ಬಾಯಿಮಾತಿನಲ್ಲಿ ಹೇಳಿದರು. ಲಿಖಿತವಾಗಿ ಕೊಡಿ ಎಂದರೆ ಇನ್ನೂ ಕೊಟ್ಟಿಲ್ಲ.

ಪ್ರಕರಣ ನ್ಯಾಯಾಲಯದಲ್ಲಿದೆ. ಅವನು ಅವಳ ಹತ್ತಿರ ಸುಳಿಯಬಾರದೆಂದು ಮಧ್ಯಂತರ ಆದೇಶವಾಗಿದೆ. ಉಳಿದದ್ದು ಮುಂದೆ ಹೋಗುತ್ತಲೇ ಇದೆ. ಒಂದು ಸಲ ವಕೀಲರು ಬರಲಿಲ್ಲ, ಒಂದು ಸಲ ಅವನಿಗೆ ಜ್ವರ. ಸೊಸೆ ಈಗ ರಾಣೆಬೆನ್ನೂರಿನ ಒಂದು ಬೀಜದ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ನೋಡುತ್ತಾಳೆ, ಐರಣಿಯಿಂದ ಬಸ್ಸಿನಲ್ಲಿ ಓಡಾಡುತ್ತಾಳೆ. ಸಂಜೆ ಬಸ್ ನಿಲ್ದಾಣದಲ್ಲಿ ಕೆಲವೊಮ್ಮೆ ಸಿಗುತ್ತಾಳೆ. ಸಿಕ್ಕರೆ ನಾವು ಪ್ರಕರಣದ ಮಾತಾಡುವುದಿಲ್ಲ. ಬಸ್ಸು ತಡವಾದದ್ದಕ್ಕೆ ಇಬ್ಬರೂ ಸೇರಿ ಬೈಯುತ್ತೇವೆ.

ಕಳೆದ ತಿಂಗಳು ಐರಣಿಗೆ ಹೋಗಿದ್ದೆ. ಸೊಸೆ ಕೆಲಸಕ್ಕೆ ಹೋಗಿದ್ದಳು. ಅತ್ತೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಎದುರಿಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಇಕಿಗೆ ಡಾಕ್ಟರ್ ಸಿಕ್ರು, ನೀವ್ ಸಿಕ್ರಿ. ಅವನ್ನ ಕುಂದರ್ಸಿ ಮಾತಾಡೋರು ಯಾರರ ಅದಾರೇನ್ರಿ? ಯಾಕ ಹಿಂಗಾದ ಅಂತ ಕೇಳೋರು?"

ನಮ್ಮ ಇಷ್ಟು ವರ್ಷದ ಕಾರ್ಯಕ್ರಮಗಳಲ್ಲಿ ಹೊಡೆಯುವ ಗಂಡಂದಿರನ್ನು ಕೂಡ್ರಿಸಿ ಮಾತಾಡುವಂಥದ್ದು ಒಂದೂ ಇರಲಿಲ್ಲ. ಒಂದು ಸಲ ನಾನೇ ಅವನಿಗೆ ಫೋನ್ ಮಾಡಿ, ಡಾಕ್ಟರ ಜೊತೆ ನೀವೂ ಒಮ್ಮೆ ಮಾತಾಡಿ ಎಂದಿದ್ದೆ. "ನನಗೇನಾಗೇತ್ರಿ?" ಎಂದು ಮೆತ್ತಗೆ ಕೇಳಿ ಫೋನ್ ಇಟ್ಟಿದ್ದ. ಅದನ್ನು ಹೇಳಿದೆ. ಅತ್ತೆ ತಲೆದೂಗಿ, "ಅಂವಗ ಅದ ಗೊತ್ತಿಲ್ಲ," ಎಂದು ಇನ್ನೊಂದು ರೊಟ್ಟಿ ಹಾಕಿದರು.

ಅವರು ಈಗಲೂ ಮಗನಿಗೆ ದಿನಾ ಸಂಜೆ ಫೋನ್ ಮಾಡುತ್ತಾರೆ. ಅವನು ಎತ್ತುತ್ತಾನೆ. ಮಾರ್ಕೆಟ್ಟಿಗೆ ಮಾಲು ಎಷ್ಟು ಬಂತು, ಮಳೆ ಆಯಿತೋ ಇಲ್ಲವೋ, ಏನು ಉಂಡೆ, ಇಷ್ಟೇ ಮಾತು. ಸೊಸೆಗೂ ಅದು ಗೊತ್ತು, ಆ ಹೊತ್ತಿಗೆ ಅವಳು ಹಿತ್ತಲಿಗೆ ಹೋಗಿ ಬಟ್ಟೆ ಮಡಚುತ್ತಾಳಂತೆ. ಅವನು ಒಂದು ದಿನವೂ ತಪ್ಪಾಯಿತು ಎಂದಿಲ್ಲ, ಇವರೂ ಒಂದು ದಿನ ಕೇಳಿಲ್ಲ. ಕೇಳಿಸಿಕೊಂಡು ನನಗೆ ಸಿಟ್ಟು ಬಂತು. ಅವರ ಮೇಲೆ ಬಂದ ಸಿಟ್ಟಲ್ಲ ಅದು, ಆದರೆ ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಕೈ ತೊಳೆದುಕೊಂಡು, ಪಲ್ಯ ಚಲೋ ಆಗೇತ್ರಿ ಅಮ್ಮಾರ ಎಂದು ಹೇಳಿ ಬಸ್ಸಿಗೆ ಹೊರಟೆ.